ಸುಂಕದ ಕಟ್ಟೆಯಲ್ಲಿ ಸುಖದುಃಖ: ವಿದೇಶಿ ಕರೆ, ಇಂಟರ್ನೆಟ್ ಮತ್ತು ಬಡ ದೇಶಗಳು

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಹೇಳಿಕೊಂಡು ಪ್ರಯೋಜನವಿಲ್ಲ, ಅವನಿಗೆ ಬೇಕಾದ್ದು ಸುಂಕ ಮಾತ್ರ ಎಂಬುದು ಅದರ ಅರ್ಥ. ಇಪ್ಪತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಹೊರದೇಶಕ್ಕೆ ಫೋನು ಮಾಡಿದ ಪ್ರತಿಯೊಂದು ಬಡ ಕುಟುಂಬದ ವಿಷಯದಲ್ಲೂ ಈ ಗಾದೆ ಅಕ್ಷರಶಃ ನಿಜವಾಗಿತ್ತು. ತಾಯಿಯ ಕಾಯಿಲೆ, ತಂಗಿಯ ಮದುವೆ, ಮಳೆ ಬಂತೋ ಇಲ್ಲವೋ ಎಂಬ ಸುಖದುಃಖಗಳೆಲ್ಲ ಒಂದು ಸುಂಕದ ಕಟ್ಟೆಯನ್ನು ದಾಟಿಯೇ ಹೋಗಬೇಕಿತ್ತು. ಆ ಕಟ್ಟೆಯನ್ನು ಕಟ್ಟಿದವರು ಯಾರು, ಅದು ಉರುಳಿದ್ದು ಹೇಗೆ, ಇಂಟರ್ನೆಟ್ಟಿನ ಕಾಲದಲ್ಲಿ ಅದು ಯಾವ ವೇಷದಲ್ಲಿ ಮರಳಿ ಬರುತ್ತಿದೆ ಎಂಬುದು ಇಂದಿನ ಉಪನ್ಯಾಸದ ವ್ಯಾಪ್ತಿ. ಮೊದಲು ವಿದೇಶಿ ಕರೆಯ ಬೆಲೆ ನಿಗದಿಯಾಗುತ್ತಿದ್ದ ಬಗೆಯನ್ನು, ಆಮೇಲೆ ಸಮುದ್ರದಡಿಯ ಕೇಬಲ್ಲುಗಳ ಕಥೆಯನ್ನು, ಕೊನೆಗೆ ಬೆಲೆ ಇಳಿದ ಮೇಲೂ ಹೊರಗೇ ಉಳಿದವರ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. ನನ್ನ ವಾದ ಇಷ್ಟು: ಬಡ ದೇಶಗಳಲ್ಲಿ ಕರೆ ಮತ್ತು ಇಂಟರ್ನೆಟ್ ದುಬಾರಿಯಾಗಿದ್ದಕ್ಕೆ ದೂರವಾಗಲಿ ತಂತ್ರಜ್ಞಾನದ ಕೊರತೆಯಾಗಲಿ ಮುಖ್ಯ ಕಾರಣವಲ್ಲ, ದೇಶದ ಬಾಗಿಲಲ್ಲಿ ಯಾರನ್ನು ಕೂರಿಸಿದ್ದೆವು ಎಂಬುದೇ ಕಾರಣ.

ನ್ಯೂಯಾರ್ಕಿನಿಂದ ಮಂಗಳೂರಿಗೆ 1990ರ ಸುಮಾರಿನಲ್ಲಿ ಒಂದು ಕರೆ ಬಂತೆನ್ನಿ. ಕರೆ ಮಾಡಿದವರಿಂದ ಹಣ ವಸೂಲಿ ಮಾಡುವುದು ಅಮೆರಿಕದ ಕಂಪನಿ. ಅದು ಆ ಕರೆಯನ್ನು ನಮ್ಮ ನೆಲದಲ್ಲಿ ಮುಟ್ಟಿಸಿದ್ದಕ್ಕಾಗಿ ಭಾರತದ ಕಡೆಯ ಸಂಸ್ಥೆಗೆ, ಅಂದರೆ 1986ರಲ್ಲಿ ಸ್ಥಾಪನೆಯಾದ ವಿದೇಶ್ ಸಂಚಾರ್ ನಿಗಮಕ್ಕೆ, ಮೊದಲೇ ಒಪ್ಪಿಕೊಂಡ ದರದ ಅರ್ಧದಷ್ಟನ್ನು ಕೊಡಬೇಕು. ಇತ್ತಲಿಂದ ಅತ್ತ ಹೋದ ಕರೆಗೆ ನಾವು ಅವರಿಗೆ ಕೊಡಬೇಕು. ಕೊನೆಗೆ ಲೆಕ್ಕ ಚುಕ್ತಾ ಮಾಡಿ, ಯಾರ ಕಡೆ ಬಾಕಿ ನಿಲ್ಲುತ್ತದೋ ಅವರು ಡಾಲರಿನಲ್ಲಿ ತೀರಿಸಬೇಕು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಆಶ್ರಯದಲ್ಲಿ ಬೆಳೆದುಬಂದ ಪದ್ಧತಿ ಇದು. ಮೇಲುನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ದರ ಮಾತಾಡಿಕೊಳ್ಳುತ್ತಿದ್ದ ಎರಡೂ ಕಡೆಯವರಲ್ಲಿ ಒಬ್ಬರಾದರೂ ತಮ್ಮ ದೇಶದ ಏಕಸ್ವಾಮ್ಯದ ಒಡೆಯರು. ಕರೆ ಮಾಡುವವನಿಗೆ ಆ ಮೇಜಿನಲ್ಲಿ ಕುರ್ಚಿ ಇರಲಿಲ್ಲ. ಉಪಗ್ರಹ ಬಂದು, ಆಮೇಲೆ ಗಾಜಿನೆಳೆಯ ಕೇಬಲ್ ಬಂದು, ಕರೆಯನ್ನು ಸಾಗಿಸುವ ನಿಜವಾದ ಖರ್ಚು ಪಾತಾಳಕ್ಕಿಳಿದರೂ ಒಪ್ಪಂದದ ದರ ಮೇಲೆಯೇ ನಿಂತಿತ್ತು. ದುಡಿಯಲು ಹೊರಟವರು ಬಡ ದೇಶದಿಂದ ಶ್ರೀಮಂತ ದೇಶಕ್ಕೆ ಹೋಗುತ್ತಾರೆ, ಊರಿಗೆ ಫೋನು ಮಾಡುವವರೂ ಅವರೇ. ಹಾಗಾಗಿ ಹಣದ ಹರಿವೂ ಒಂದೇ ದಿಕ್ಕಿಗೆ. 1990ರ ದಶಕದ ನಡುವಿನ ಹೊತ್ತಿಗೆ ಅಮೆರಿಕವೊಂದೇ ವರ್ಷಕ್ಕೆ 500 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಹೀಗೆ ಹೊರಗೆ ಕೊಡುತ್ತಿತ್ತು. ಕೊಡುತ್ತಿದ್ದದ್ದು ಅಮೆರಿಕ ಎಂದರೆ ಅರ್ಧ ಸತ್ಯ. ಆ ಹಣದ ದೊಡ್ಡ ಪಾಲು ವಲಸೆ ಹೋದ ದುಡಿಮೆಗಾರರ ಜೇಬಿನಿಂದ ಬಂದದ್ದು.

ಇತ್ತ ನಮ್ಮ ಕಡೆಯ ಚಿತ್ರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹಳದಿ ಬೋರ್ಡಿನ ಎಸ್‌ಟಿಡಿ ಬೂತನ್ನು ಇಲ್ಲಿರುವ ಹಿರಿಯರು ಮರೆತಿರಲಾರರು. ಮುಚ್ಚಿದರೆ ಉಸಿರು ಕಟ್ಟುವಂಥ ಗಾಜಿನ ಕೋಣೆ, ತಲೆಯ ಮಟ್ಟದಲ್ಲಿ ಒಂದು ಮೀಟರು, ಅದರಲ್ಲಿ ಓಡುವ ಕೆಂಪು ಅಂಕಿಗಳು. ಮಾತಾಡುವವರ ಕಣ್ಣು ಆ ಅಂಕಿಗಳ ಮೇಲೆಯೇ. ಫೋನಿಟ್ಟ ಕೂಡಲೇ ಹೊರಗಿನ ಪ್ರಿಂಟರು ಕಿರುಗುಟ್ಟಿ ಒಂದು ಚೀಟಿ ಉಗುಳುತ್ತಿತ್ತು. ದೇಶದೊಳಗಿನ ಕರೆಗೆ ರಾತ್ರಿ 11ರ ಮೇಲೆ ಕಾಲು ದರ ಎಂದು ಬೂತಿನ ಮುಂದೆ ಹತ್ತೂವರೆಗೇ ಸಾಲು ನಿಲ್ಲುತ್ತಿತ್ತು. ಐಎಸ್‌ಡಿ ಎಂದರೆ ಮಾತ್ರ ನಿಮಿಷಕ್ಕೆ ಹತ್ತಾರು ರೂಪಾಯಿ. ಕೂಲಿಯವನ ದಿನದ ಸಂಪಾದನೆ ಕುಶಲ ವಿಚಾರಿಸುವಷ್ಟರಲ್ಲಿ ಮುಗಿಯುತ್ತಿತ್ತು. ಜನ ಸುಮ್ಮನಿರಲಿಲ್ಲ. ಇಲ್ಲಿಂದ ಎರಡು ಸಲ ರಿಂಗ್ ಕೊಟ್ಟು ಇಟ್ಟುಬಿಡುವುದು, ಅತ್ತಲಿಂದ ಅವರೇ ಮಾಡುವುದು ಎಂಬ ಒಪ್ಪಂದ ಅದೆಷ್ಟೋ ಮನೆಗಳಲ್ಲಿತ್ತು. ಮುಂದೆ ಮೊಬೈಲಿನಲ್ಲಿ ಮಿಸ್ಡ್ ಕಾಲ್ ಎಂಬ ಹೆಸರು ಪಡೆದದ್ದು ಇದೇ ಉಪಾಯ. ಅಮೆರಿಕದ ಕೆಲವು ಚತುರರು ಇದನ್ನೇ ದೊಡ್ಡ ವ್ಯಾಪಾರವಾಗಿಸಿದರು. ಪರದೇಶದ ಗ್ರಾಹಕ ಅಮೆರಿಕದ ಒಂದು ನಂಬರಿಗೆ ರಿಂಗ್ ಕೊಟ್ಟು ಇಟ್ಟರೆ, ಅಲ್ಲಿಯ ಕಂಪ್ಯೂಟರು ಅವನಿಗೆ ತಿರುಗಿ ಕರೆ ಮಾಡಿ ಅಮೆರಿಕದ ಡಯಲ್ ಟೋನ್ ಕೊಡುತ್ತಿತ್ತು. ಉತ್ತರ ಸಿಗದ ಕರೆಗೆ ಬಿಲ್ಲಿಲ್ಲ ಎಂಬ ನಿಯಮದ ಸಂದಿನಲ್ಲಿ ಹುಟ್ಟಿದ ಈ ಕಾಲ್‌ಬ್ಯಾಕ್ ಸೇವೆಯನ್ನು ಹಲವು ಸರ್ಕಾರಗಳು ನಿಷೇಧಿಸಿದವು. ನಿಷೇಧದ ಹೊರತಾಗಿಯೂ ಅದು ನಡೆಯಿತು. ಬೆಲೆಗೂ ಖರ್ಚಿಗೂ ಅಷ್ಟು ದೊಡ್ಡ ಅಂತರ ಬಿಟ್ಟ ಮೇಲೆ ಆ ಸಂದಿನಲ್ಲಿ ಯಾರಾದರೂ ನುಸುಳಿಯೇ ನುಸುಳುತ್ತಾರೆ.

ಇಲ್ಲಿ ಮೊದಲ ಆಕ್ಷೇಪವನ್ನು ಎದುರಿಸಲೇಬೇಕು. ಅದು ಹಗುರವಾದದ್ದಲ್ಲ. ವಿದೇಶಿ ಕರೆಯ ಹಣವೇ ಬಡ ದೇಶಗಳ ದೂರವಾಣಿ ಜಾಲವನ್ನು ಕಟ್ಟಲು ಆಧಾರವಾಗಿತ್ತು, ಹೊರದೇಶದಲ್ಲಿ ಡಾಲರು ಗಳಿಸುವವನಿಂದ ಸ್ವಲ್ಪ ಹೆಚ್ಚು ಪಡೆದು ಹಳ್ಳಿಗೆ ಫೋನು ಕೊಟ್ಟರೆ ತಪ್ಪೇನು ಎಂಬ ವಾದ ಅದು. ಸರ್ ಡೊನಾಲ್ಡ್ ಮೈಟ್ಲೆಂಡ್ ಅವರ ಅಧ್ಯಕ್ಷತೆಯ ಆಯೋಗ 1985ರಲ್ಲಿ ಪ್ರಕಟಿಸಿದ ವರದಿ, ಇಡೀ ಆಫ್ರಿಕಾ ಖಂಡಕ್ಕಿಂತ ಟೋಕಿಯೊ ನಗರವೊಂದರಲ್ಲೇ ಹೆಚ್ಚು ಫೋನುಗಳಿವೆ ಎಂದು ಜಗತ್ತಿನ ಗಮನಕ್ಕೆ ತಂದಿತ್ತು. ಹಣ ಬೇಕಿತ್ತು, ನಿಜ. ಆದರೆ ಬಂದ ಹಣ ಎಲ್ಲಿಗೆ ಹೋಯಿತು? ದೇಶ ದೇಶಗಳಲ್ಲಿ ಅದು ಸರ್ಕಾರದ ಬೊಕ್ಕಸದ ಕೊರತೆ ತುಂಬಲು, ಸಂಸ್ಥೆಯ ಸಂಬಳ ಸಾರಿಗೆಗೆ, ರಾಜಧಾನಿಯ ಗ್ರಾಹಕರ ಸ್ಥಳೀಯ ಕರೆಯನ್ನು ಅಗ್ಗವಾಗಿಡಲು ಕರಗಿತು. ಹಳ್ಳಿಗೆ ಮುಟ್ಟಿದ್ದು ಕೊನೆಯ ತೊಟ್ಟು. ನಮ್ಮ ದೇಶದ ಲೆಕ್ಕವನ್ನೇ ನೋಡಿ. 1991ರಲ್ಲಿ ಇಡೀ ಭಾರತದಲ್ಲಿದ್ದ ಫೋನುಗಳು ಸುಮಾರು 50 ಲಕ್ಷ. ಏಕಸ್ವಾಮ್ಯ ಗಟ್ಟಿಯಾಗಿದ್ದ, ವಿದೇಶಿ ಕರೆಯ ದರ ನೆತ್ತಿಗೇರಿದ್ದ ದಶಕಗಳ ಫಲ ಅದು. ವಿದೇಶ್ ಸಂಚಾರ್ ನಿಗಮದ ಏಕಸ್ವಾಮ್ಯ 2002ರ ಏಪ್ರಿಲ್ 1ಕ್ಕೆ ಕೊನೆಗೊಂಡಿತು, ಮರುವರ್ಷ ಮೊಬೈಲಿಗೆ ಒಳಬರುವ ಕರೆ ಉಚಿತವಾಯಿತು, 2015ರ ಕೊನೆಯ ಹೊತ್ತಿಗೆ ಮೊಬೈಲ್ ಸಂಪರ್ಕಗಳೇ 100 ಕೋಟಿ ದಾಟಿದವು. ಇದಕ್ಕೆ ಕರೆಯ ದರವೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಪ್ರೀಪೇಡ್ ಪದ್ಧತಿ, ಅಗ್ಗದ ಹ್ಯಾಂಡ್‌ಸೆಟ್ಟು, ಕಂಪನಿಗಳ ಪೈಪೋಟಿ ಎಲ್ಲವೂ ಸೇರಿವೆ. ಆದರೆ ಸುಂಕ ಇಳಿಸಿದರೆ ಜಾಲ ಬೆಳೆಯದು ಎಂಬ ಭಯ ಸುಳ್ಳಾಯಿತು ಎಂಬುದರಲ್ಲಿ ಸಂಶಯವಿಲ್ಲ.

ಇನ್ನೊಂದು ಮಾತನ್ನೂ ನಮ್ಮ ಅಭಿಮಾನಕ್ಕಾಗಿ ಸೇರಿಸುತ್ತೇನೆ. ಹಳ್ಳಿಗೆ ಫೋನು ಹೋಗಲು ಹಣದಷ್ಟೇ ಹಳ್ಳಿಗೆ ತಕ್ಕ ಯಂತ್ರವೂ ಬೇಕಿತ್ತು. ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ, ಹವಾನಿಯಂತ್ರಿತ ಕೋಣೆಯ ಹಂಗಿಲ್ಲದೆ ಧೂಳು ಸೆಕೆಗಳ ನಡುವೆ ಕೆಲಸ ಮಾಡುವ 128 ಪೋರ್ಟುಗಳ ಪುಟ್ಟ ಎಕ್ಸ್‌ಚೇಂಜನ್ನು ರೂಪಿಸಿತು. ಅದರಲ್ಲಿ ಮೊದಲನೆಯದು 1986ರಲ್ಲಿ ಕೂತದ್ದು ನಮ್ಮ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಊರು ಎಂದು ಪಾಠದಲ್ಲಿ ಓದುವ ಮಕ್ಕಳಿಗೆ ಈ ಸಂಗತಿಯನ್ನೂ ಒಂದು ಸಾಲಿನಲ್ಲಿ ಹೇಳಬಹುದು.

ದರ ಇಳಿಸಿದ ಕಥೆಯಲ್ಲಿ ಎಲ್ಲರೂ ಸಜ್ಜನರಲ್ಲ. ಅಮೆರಿಕದ ಸಂಪರ್ಕ ಆಯೋಗ 1997ರಲ್ಲಿ ಒಂದು ಆದೇಶ ಹೊರಡಿಸಿ, ತನ್ನ ದೇಶದ ಕಂಪನಿಗಳು ಪರದೇಶಗಳಿಗೆ ಕೊಡಬಹುದಾದ ಗರಿಷ್ಠ ದರವನ್ನು ತಾನೇ ಗೊತ್ತುಮಾಡಿತು: ಶ್ರೀಮಂತ ದೇಶಗಳಿಗೆ ನಿಮಿಷಕ್ಕೆ 15 ಸೆಂಟ್, ನಡುವಿನವಕ್ಕೆ 19, ಬಡ ದೇಶಗಳಿಗೆ 23. ಯಾರನ್ನೂ ಕೇಳದೆ ಮಾಡಿದ ಏಕಪಕ್ಷೀಯ ಕೆಲಸ ಇದು ಎಂದು ಹಲವು ದೇಶಗಳ ದೂರವಾಣಿ ಸಂಸ್ಥೆಗಳು ಕೋರ್ಟಿಗೆ ಹೋದವು, 1999ರಲ್ಲಿ ಸೋತವು. ಅಮೆರಿಕ ನೋಡಿಕೊಂಡದ್ದು ತನ್ನ ಕಂಪನಿಗಳ ಹಿತವನ್ನೇ, ಆ ದೂರು ನ್ಯಾಯವಾದದ್ದೇ. ಆದರೂ ಲಾಭವಾದದ್ದು ಊರಿಗೆ ಫೋನು ಮಾಡುವವರಿಗೆ. ಇಳಿದ ದರವನ್ನು ಮತ್ತೆ ಏರಿಸಲು ಹೊರಟವರ ಅನುಭವವೂ ನಮ್ಮ ಮುಂದಿದೆ. ಘಾನಾ ದೇಶ 2009ರ ಕಾನೂನಿನ ಮೂಲಕ ಹೊರಗಿನಿಂದ ಬರುವ ಕರೆಗೆ ನಿಮಿಷಕ್ಕೆ ಕನಿಷ್ಠ 19 ಸೆಂಟ್ ಎಂದು ವಿಧಿಸಿ, ಅದರಲ್ಲಿ 6 ಸೆಂಟನ್ನು ಸರ್ಕಾರಕ್ಕೆ ತೆಗೆದಿಟ್ಟಿತು. ಸ್ಥಳೀಯ ಕರೆ ಅದಕ್ಕಿಂತ ಎಷ್ಟೋ ಅಗ್ಗವಾಗಿದ್ದುದರಿಂದ ಸಿಮ್ ಬಾಕ್ಸ್ ದಂಧೆ ಬೆಳೆಯಿತು. ಸಿಮ್ ಬಾಕ್ಸ್ ಎಂದರೆ ಹತ್ತಾರು ಸಿಮ್ಮುಗಳನ್ನು ಸಾಲಾಗಿ ತೂರಿಸಿದ ಒಂದು ಪೆಟ್ಟಿಗೆ. ಹೊರದೇಶದ ಕರೆ ಇಂಟರ್ನೆಟ್ ಮೂಲಕ ಅದರೊಳಗೆ ಬಂದು, ಅಲ್ಲಿಯ ಯಾವುದೋ ಸಿಮ್ಮಿನಿಂದ ಸ್ಥಳೀಯ ಕರೆಯ ವೇಷ ಹಾಕಿಕೊಂಡು ಹೊರಬೀಳುತ್ತದೆ. ದುಬೈನಿಂದ ಮಗ ಮಾಡಿದ ಕರೆ ಪಕ್ಕದ ಜಿಲ್ಲೆಯ ಅಪರಿಚಿತ ನಂಬರಿನಿಂದ ಬಂದಂತೆ ಕಂಡರೆ ನಡುವೆ ಇಂಥ ಪೆಟ್ಟಿಗೆಯೊಂದು ಕೂತಿರಬಹುದು. 2021ರಲ್ಲಿ ಬೆಂಗಳೂರಿನಲ್ಲೇ ಇಂಥ ಕಳ್ಳ ಎಕ್ಸ್‌ಚೇಂಜು ಪತ್ತೆಯಾಗಿತ್ತು.

ಎರಡನೆಯ ಆಕ್ಷೇಪ ಇಲ್ಲಿಂದಲೇ ಏಳುತ್ತದೆ: ಬಾಗಿಲು ತೆರೆದರೆ ಭದ್ರತೆಯ ಗತಿಯೇನು? ಯಾರು ಯಾರಿಗೆ ಕರೆ ಮಾಡಿದರು ಎಂದು ತಿಳಿಯದಿದ್ದರೆ ಪೊಲೀಸರು ಏನು ಮಾಡಬೇಕು? ಪ್ರಶ್ನೆ ಸರಿಯಾದದ್ದೇ, ಉತ್ತರ ಮಾತ್ರ ಆಕ್ಷೇಪಿಸುವವರು ಎಣಿಸಿದ ದಿಕ್ಕಿನಲ್ಲಿಲ್ಲ. ಕಳ್ಳದಾರಿ ಹುಟ್ಟುವುದು ರಾಜಮಾರ್ಗದ ಸುಂಕ ಹೆಚ್ಚಾದಾಗ. ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2018ರಲ್ಲಿ ಒಳಬರುವ ವಿದೇಶಿ ಕರೆಯ ಶುಲ್ಕವನ್ನು 53 ಪೈಸೆಯಿಂದ 30 ಪೈಸೆಗೆ ಇಳಿಸಿದಾಗ ಕೊಟ್ಟ ಕಾರಣಗಳಲ್ಲಿ ಕಳ್ಳದಾರಿಯ ಕರೆಗಳನ್ನು ತಡೆಯುವುದೂ ಒಂದಾಗಿತ್ತು. ಇಂಟರ್ನೆಟ್ ಮೂಲಕ ಮಾತಾಡುವುದಕ್ಕೆ ಭಾರತ ಅನುಮತಿ ಕೊಟ್ಟದ್ದೇ 2002ರಲ್ಲಿ, ಅದೂ ಅರೆಬರೆಯಾಗಿ. ಕಂಪ್ಯೂಟರಿನಿಂದ ಹೊರದೇಶದ ಫೋನಿಗೆ ಮಾಡಬಹುದು, ಪಕ್ಕದ ಬೀದಿಯ ಫೋನಿಗೆ ಕೂಡದು ಎಂಬ ವಿಚಿತ್ರ ಷರತ್ತಿನೊಂದಿಗೆ. ಆ ಷರತ್ತು ಸಡಿಲವಾಗಲು 2018 ಬರಬೇಕಾಯಿತು. ಕರಾವಳಿಯವರಿಗೆ ಇದರ ಇನ್ನೊಂದು ಮುಖ ಚೆನ್ನಾಗಿ ಗೊತ್ತು. ಮಂಗಳೂರು, ಉಡುಪಿ, ಭಟ್ಕಳಗಳ ಎಷ್ಟೋ ಮನೆಯವರು ದುಡಿಯುವ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ಅದೇ ವಾಟ್ಸಾಪಿನ ಕರೆಗೆ ತಡೆಯುಂಟು. ಮಾತಾಡಬೇಕಾದರೆ ಅನುಮತಿ ಪಡೆದ ಬೇರೆ ಆ್ಯಪ್ ಬೇಕು. ಅದಕ್ಕೆ ತಿಂಗಳಿಗೆ 50 ದಿರ್ಹಾಮಿನ ಪ್ಯಾಕ್ ಹಾಕಿಸಬೇಕಾದ ಕಾಲವೂ ಇತ್ತು. 2020ರಲ್ಲಿ ಕೊರೋನಾ ಬಂದು ಕಚೇರಿ ಕೆಲಸ ಮನೆಗೆ ಬಂದಾಗ ಸಭೆಗಳಿಗೆ ಬೇಕಾದ ಆ್ಯಪ್‌ಗಳಿಗೆ ತಾತ್ಕಾಲಿಕವಾಗಿ ದಾರಿ ಬಿಟ್ಟರು. ಕಚೇರಿಯ ಸಭೆಗೆ ಸಡಿಲಿಸಬಹುದಾದ ತಡೆಯನ್ನು ಕಾರ್ಮಿಕ ಹೆಂಡತಿಯೊಡನೆ ಮಾತಾಡಲು ಸಡಿಲಿಸಲಾಗದೆ? ನೆರೆಯ ಸೌದಿ ಅರೇಬಿಯಾ 2017ರಲ್ಲೇ ಇಂಥ ಕರೆಗಳ ಮೇಲಿನ ನಿಷೇಧವನ್ನು ತೆಗೆಯಿತು. ಅಲ್ಲಿ ಭದ್ರತೆಯ ಚಿಂತೆ ಕಡಿಮೆ ಎಂದು ಯಾರೂ ಹೇಳಲಾರರು.

ಇನ್ನು ಎರಡನೆಯ ಭಾಗಕ್ಕೆ ಬರುತ್ತೇನೆ. ಈಗ ಕರೆಯೂ ಇಂಟರ್ನೆಟ್ಟೂ ಬೇರೆ ಬೇರೆಯಲ್ಲ. ಧ್ವನಿ ಎಂಬುದು ಡೇಟಾದ ಒಂದು ಎಳೆ. ಹಾಗಾಗಿ ಸುಂಕದ ಕಟ್ಟೆಯೂ ಸಮುದ್ರದಡಿಯ ಕೇಬಲ್ ದಡ ಹತ್ತುವ ಜಾಗಕ್ಕೆ ಸ್ಥಳಾಂತರವಾಯಿತು. ಇದಕ್ಕೆ ಆಫ್ರಿಕಾದ ಪಶ್ಚಿಮ ತೀರಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಯುರೋಪಿನಿಂದ ದಕ್ಷಿಣ ಆಫ್ರಿಕಾದವರೆಗೆ ಸ್ಯಾಟ್-3 ಎಂಬ ಕೇಬಲ್ 2002ರಲ್ಲಿ ಕೆಲಸ ಆರಂಭಿಸಿತು. ದಾರಿಯಲ್ಲಿ ಸೆನೆಗಲ್, ಘಾನಾ, ನೈಜೀರಿಯಾ, ಅಂಗೋಲಾಗಳಲ್ಲಿ ದಡ ಮುಟ್ಟಿತು. ಇನ್ನು ಇಂಟರ್ನೆಟ್ ಅಗ್ಗವಾಗುತ್ತದೆ ಎಂದು ಜನ ಕಾದರು. ಆಗಲಿಲ್ಲ. ಕೇಬಲ್ಲಿನ ಪಾಲುದಾರರು ಆಯಾ ದೇಶದ ಹಳೆಯ ದೂರವಾಣಿ ಸಂಸ್ಥೆಗಳೇ. ತಮ್ಮ ದೇಶದ ದಡದಲ್ಲಿ ಬೇರೆಯವರಿಗೆ ಪ್ರವೇಶ ಕೊಡದೆ, ಉಪಗ್ರಹದ ದರಕ್ಕೆ ಕೊಂಚ ಕಡಿಮೆ ಎನ್ನುವಷ್ಟು ಬೆಲೆಗೆ ಮಾರುತ್ತ ಕೂತರು. ಎಂಟು ವರ್ಷ ಕಳೆದ ಮೇಲೆ, 2010ರಲ್ಲಿ, ನೈಜೀರಿಯಾದ ಉದ್ಯಮಿ ಫುಂಕೆ ಒಪೆಕೆ ಅವರ ಮೇನ್‌ವನ್ ಕೇಬಲ್ ಮತ್ತು ಇನ್ನೊಂದು ಖಾಸಗಿ ಕೇಬಲ್ ಅದೇ ತೀರಕ್ಕೆ ಬಂದ ಮೇಲೆಯೇ ಬೆಲೆ ನಿಜವಾಗಿ ಮುರಿದದ್ದು. ಅದೇ ಸಮುದ್ರ, ಅದೇ ಗಾಜಿನೆಳೆ, ಅದೇ ದೂರ. ಬದಲಾದದ್ದು ಬಾಗಿಲಲ್ಲಿ ಕೂತವರ ಸಂಖ್ಯೆ ಮಾತ್ರ. ಪೂರ್ವ ತೀರದ ಕೀನ್ಯಾ ಟಾಂಜಾನಿಯಾಗಳಿಗೆ 2009ರವರೆಗೆ ಕೇಬಲ್ಲೇ ಇರಲಿಲ್ಲ, ಅವು ಉಪಗ್ರಹವನ್ನೇ ನಂಬಿದ್ದವು. ಆ ವರ್ಷ ಸೀಕಾಮ್ ಬಂತು, ಬೆನ್ನಿಗೇ ಇನ್ನೆರಡು. ಅರ್ಥಶಾಸ್ತ್ರಜ್ಞರಾದ ಯೋನಾಸ್ ಯೋರ್ಟ್ ಮತ್ತು ಯೋನಾಸ್ ಪೌಲ್ಸೆನ್ 12 ಆಫ್ರಿಕನ್ ದೇಶಗಳಲ್ಲಿ ಇಂಥ ಕೇಬಲ್ ಬರುವ ಮುಂಚಿನ ಮತ್ತು ನಂತರದ ಸ್ಥಿತಿಯನ್ನು ಹೋಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೇಗದ ಇಂಟರ್ನೆಟ್ ಮುಟ್ಟಿದ ಕಡೆ ಉದ್ಯೋಗ ಹೆಚ್ಚಿತು, ಅದೂ ಕಡಿಮೆ ಓದಿದವರಿಗೂ ಕೆಲಸ ಸಿಕ್ಕಿತು ಎಂದು ತೋರಿಸಿದ್ದಾರೆ.

ಬಡವನಿಗೆ ಬೇಕಾದ್ದು ಅನ್ನ, ಡೇಟಾ ಅಲ್ಲ ಎನ್ನುವವರಿಗೂ ಇದೇ ಉತ್ತರದ ಒಂದು ಭಾಗ. ಇನ್ನೊಂದು ಭಾಗ ನಮ್ಮ ನೆರೆಯ ಕೇರಳದಲ್ಲಿದೆ. ಅಲ್ಲಿಯ ಮೀನುಗಾರರ ಕೈಗೆ ಮೊಬೈಲ್ ಬಂದಾಗ ಏನಾಯಿತೆಂದು ರಾಬರ್ಟ್ ಜೆನ್ಸೆನ್ ಅಧ್ಯಯನ ಮಾಡಿದ್ದರು. ಮುಂಚೆ ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನು ಕಡಲಿಗೆ ಚೆಲ್ಲಬೇಕು, ಕೆಲವೇ ಮೈಲಿ ಆಚೆ ಮೀನಿಲ್ಲದೆ ಗಿರಾಕಿಗಳು ಬರಿಗೈಲಿ ಮರಳಬೇಕು. ಕಡಲಿನಿಂದಲೇ ದಲ್ಲಾಳಿಗೆ ಫೋನು ಮಾಡಿ ದಡ ಆರಿಸಿಕೊಳ್ಳುವಂತಾದ ಮೇಲೆ ಚೆಲ್ಲುವುದು ನಿಂತಿತು, ಮೀನುಗಾರರ ಲಾಭ ಸರಾಸರಿ 8 ಶೇಕಡ ಏರಿತು, ಕೊಳ್ಳುವವರಿಗೆ ಬೆಲೆ 4 ಶೇಕಡ ಇಳಿಯಿತು. ಇಲ್ಲಿ ಅನ್ನವೂ ಫೋನೂ ಎದುರಾಳಿಗಳಾಗಿಲ್ಲ.

ಸುಂಕದ ಹೊಸ ವೇಷಗಳ ಬಗ್ಗೆ ಎರಡು ಮಾತು. ಉಗಾಂಡ 2018ರ ಜುಲೈಯಿಂದ ವಾಟ್ಸಾಪ್, ಫೇಸ್‌ಬುಕ್ ಬಳಸುವವರಿಗೆ ದಿನಕ್ಕೆ 200 ಶಿಲಿಂಗ್ ತೆರಿಗೆ ಹಾಕಿತು. ತೆರದೆ ಆ್ಯಪ್ ತೆರೆಯುವಂತಿಲ್ಲ. ಜನ ಅಡ್ಡದಾರಿ ಹಿಡಿದರು, ನಿರೀಕ್ಷಿಸಿದ ಹಣ ಬರಲಿಲ್ಲ, 2021ರಲ್ಲಿ ಅದನ್ನು ಕೈಬಿಟ್ಟು ಡೇಟಾದ ಮೇಲೆಯೇ 12 ಶೇಕಡ ತೆರಿಗೆ ಹೇರಿದರು. ಇದು ಹಳೆಯ ಕಟ್ಟೆಯ ನೇರ ವಾರಸುದಾರ. ಇನ್ನೊಂದು ವೇಷ ಹೆಚ್ಚು ನಯವಾದದ್ದು: ಆಯ್ದ ಕೆಲವು ತಾಣಗಳನ್ನು ಮಾತ್ರ ಪುಕ್ಕಟೆಯಾಗಿ ಕೊಡುತ್ತೇವೆ ಎಂದು ಫೇಸ್‌ಬುಕ್ ತಂದ ಫ್ರೀ ಬೇಸಿಕ್ಸ್. ಏನೂ ಇಲ್ಲದ ಕಡೆ ಏನಾದರೂ ಇದ್ದರೆ ಮೇಲಲ್ಲವೇ ಎಂಬ ಅದರ ಪರವಾದ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೂ ನಮ್ಮ ದೂರಸಂಪರ್ಕ ಪ್ರಾಧಿಕಾರ 2016ರ ಫೆಬ್ರವರಿ 8ರಂದು ಒಂದೊಂದು ತಾಣಕ್ಕೆ ಒಂದೊಂದು ದರ ಕೂಡದು ಎಂದು ನಿಯಮ ಮಾಡಿದ್ದು ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ. ಬಾಗಿಲಲ್ಲಿ ನಿಂತು ಒಳಗೆ ಯಾವ ಅಂಗಡಿಗೆ ಹೋಗಬಹುದೆಂದು ಹೇಳುವವನು ಹಣ ಕೇಳದಿದ್ದರೂ ಸುಂಕದವನೇ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೋ ಮಾರುಕಟ್ಟೆಗೆ ಬಂದು, ಜಿಬಿಗೆ 200 ರೂಪಾಯಿಗೂ ಮೇಲಿದ್ದ ಡೇಟಾ ಎರಡು ವರ್ಷದಲ್ಲಿ 12 ರೂಪಾಯಿಯ ಆಸುಪಾಸಿಗೆ ಇಳಿಯಿತು. ಪುಕ್ಕಟೆಯ ಅರೆ ಇಂಟರ್ನೆಟ್ಟಿನ ವಾದ ತಾನಾಗಿಯೇ ಸೊರಗಿತು. ಆ ಪೈಪೋಟಿಯ ಹೊಡೆತಕ್ಕೆ ಕಂಪನಿಗಳು ಒಂದೊಂದಾಗಿ ಮುಚ್ಚಿ ಖಾಸಗಿಯಲ್ಲಿ ಮೂರೇ ಉಳಿದವು ಎಂಬುದನ್ನೂ, 2024ರ ಜುಲೈಯಲ್ಲಿ ಆ ಮೂರೂ ಒಟ್ಟೊಟ್ಟಿಗೇ ರೀಚಾರ್ಜ್ ದರ ಏರಿಸಿದವು ಎಂಬುದನ್ನೂ ಇದರ ಜೊತೆಗೇ ನೆನಪಿಡಬೇಕು.

ಕೊನೆಯ ಭಾಗ ನನ್ನ ವಾದದ ಮಿತಿಯನ್ನು ಕುರಿತದ್ದು. ಬಾಗಿಲು ತೆರೆದರೆ ಸಾಕೆ? ಸಾಲದು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2024ರ ಅಂದಾಜಿನಂತೆ ಜಗತ್ತಿನ 260 ಕೋಟಿ ಜನ ಆಗಲೂ ಇಂಟರ್ನೆಟ್ಟಿನ ಹೊರಗಿದ್ದರು. ಶ್ರೀಮಂತ ದೇಶಗಳಲ್ಲಿ 93 ಶೇಕಡ ಜನ ಒಳಗಿದ್ದರೆ, ಕಡು ಬಡ ದೇಶಗಳಲ್ಲಿ 27 ಶೇಕಡ. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದೇವೆ ಎಂದ ಗಂಡಸರು 57 ಶೇಕಡ, ಹೆಂಗಸರು 33. ಒಂದೇ ಮನೆ, ಒಂದೇ ರೀಚಾರ್ಜು, ಆದರೂ ಈ ಅಂತರ. ಇಲ್ಲಿಯ ಕಟ್ಟೆಯಲ್ಲಿ ಕೂತವರು ಕಂಪನಿಯವರಲ್ಲ, ನಾವೇ. ಮಲೆನಾಡಿನ ಗುಡ್ಡದ ನೆತ್ತಿಗೆ ಕೊಡೆ ಹಿಡಿದು ಹೋಗಿ ಆನ್‌ಲೈನ್ ಪಾಠ ಕೇಳಿದ ಮಕ್ಕಳ ಚಿತ್ರಗಳು ಕೊರೋನಾ ಕಾಲದಲ್ಲಿ ಪತ್ರಿಕೆಗಳಲ್ಲಿ ಬಂದವು. ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಎಂದು ಶಿವಮೊಗ್ಗ ಜಿಲ್ಲೆಯ ಹಳ್ಳಿಗಳವರು ಬೋರ್ಡು ಹಾಕಿದರು. ಹತ್ತಾರು ಮನೆಗಳು ಕಾಡಿನ ನಡುವೆ ಚದುರಿದ ಕಡೆ ಟವರು ಹಾಕಿದರೆ ಗಿಟ್ಟುವುದಿಲ್ಲ ಎಂದು ಕಂಪನಿ ಹೇಳಿದರೆ ಅದು ಸುಳ್ಳಲ್ಲ. ಪೈಪೋಟಿ ಅಲ್ಲಿಗೆ ಬರುವುದಿಲ್ಲ. ಸಾರ್ವಜನಿಕ ಹಣವೇ ಬರಬೇಕು. ಆ ಹಣವೂ ಇದೆ. ಪ್ರತಿ ಕಂಪನಿಯ ಆದಾಯದ 5 ಶೇಕಡವನ್ನು ಸಂಗ್ರಹಿಸುವ ಸಾರ್ವತ್ರಿಕ ಸೇವಾ ನಿಧಿ 2002ರಿಂದಲೂ ಇದೆ, ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ನಮ್ಮ ನಿಮ್ಮ ರೀಚಾರ್ಜಿನಿಂದಲೇ ಹೋದ ಸಾವಿರಾರು ಕೋಟಿ ರೂಪಾಯಿ ಅದರಲ್ಲಿ ವರ್ಷಗಟ್ಟಲೆ ಖರ್ಚಾಗದೆ ಉಳಿದದ್ದು ಗುಟ್ಟಿನ ವಿಷಯವಲ್ಲ. ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಗಾಜಿನೆಳೆಯ ಸಂಪರ್ಕ ಕೊಡುವ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು; ಭಾರತ್‌ನೆಟ್ ಎಂದು ಹೆಸರು ಬದಲಾಯಿತು, ಗಡುವುಗಳು ಮೇಲಿಂದ ಮೇಲೆ ಮುಂದಕ್ಕೆ ಹೋದವು, 2023ರಲ್ಲಿ ಮತ್ತೆ ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ಹೊಸ ಹಂತಕ್ಕೆ ಕೇಂದ್ರ ಸಚಿವ ಸಂಪುಟ ಅನುಮೋದನೆ ಕೊಟ್ಟಿತು. ಬಡವರ ಕರೆಯ ಮೇಲೆ ಸುಂಕ ಹಾಕಿ ಜಾಲ ಕಟ್ಟುತ್ತೇವೆ ಎಂದ ಹಳೆಯ ವಾದಕ್ಕೂ ಈ ನಿಧಿಗೂ ಒಂದು ದೊಡ್ಡ ವ್ಯತ್ಯಾಸವಿದೆ: ಇದರ ಲೆಕ್ಕ ಸಂಸತ್ತಿನ ಮುಂದೆ ಬರುತ್ತದೆ, ನಾವು ಕೇಳಬಹುದು. ಕೇಳುತ್ತಿಲ್ಲ ಎಂಬುದು ನಮ್ಮ ತಪ್ಪು.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆಯೊಂದಿಗೆ ನಿಲ್ಲಿಸುತ್ತೇನೆ. ರಜೆಗೆ ಊರಿಗೆ ಹೋದಾಗ ನಿಮ್ಮ ಪಂಚಾಯಿತಿ ಕಚೇರಿಗೊಮ್ಮೆ ಹೋಗಿ. ಗೋಡೆಯ ಮೇಲೆ ಭಾರತ್‌ನೆಟ್ಟಿನ ಪೆಟ್ಟಿಗೆ ಇದೆಯೇ, ಇದ್ದರೆ ಅದರ ದೀಪ ಉರಿಯುತ್ತಿದೆಯೇ, ಆ ಸಂಪರ್ಕ ಪಕ್ಕದ ಶಾಲೆಗೆ, ಆರೋಗ್ಯ ಕೇಂದ್ರಕ್ಕೆ ಹೋಗಿದೆಯೇ ಎಂದು ನೋಡಿ. ದೀಪ ಆರಿದ್ದರೆ ಎಂದಿನಿಂದ ಆರಿದೆ ಎಂದು ಒಂದು ಅರ್ಜಿ ಬರೆದು ಕೇಳಿ.